ಅಮೆರಿಕನ್ನರಿಗೆ ಗೀತೆ ಹೇಳುವಾಗ ಬದಲಿಸುವುದು, ಬದಲಿಸದೇ ಇರುವುದು

ಅಮೆರಿಕನ್ನರ ತರಗತಿಯಲ್ಲಿ ಒಂದು ತಾಸಿಗೆ ಒಂದೇ ಶ್ಲೋಕ ಇಟ್ಟುಕೊಳ್ಳುತ್ತೇನೆ. 40 ನಿಮಿಷ ಅರ್ಥಕ್ಕೆ, 20 ನಿಮಿಷ ಪ್ರಶ್ನೆಗೆ. ನಮ್ಮ ಕಡೆಯ ಪ್ರವಚನದ ಹಾಗೆ ಒಂದೇ ಸಮನೆ ಮಾತಾಡಿದರೆ ಅಲ್ಲಿ ನಡೆಯುವುದಿಲ್ಲ. ನಡುವೆ ಕೈ ಎತ್ತುತ್ತಾರೆ. ಅದು ಉದ್ಧಟತನವಲ್ಲ, ಅವರ ಶಾಲೆಯ ರೂಢಿ. ಅರ್ಜುನನೂ ಸುಮ್ಮನೆ ಕೂತವನಲ್ಲವಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಅನುವಾದದಲ್ಲಿ. 2ನೇ ಅಧ್ಯಾಯದ 47ನೇ ಶ್ಲೋಕವನ್ನೇ ನೋಡಿ. ‘ಫಲದ ಮೇಲೆ ನಿನಗೆ ಹಕ್ಕಿಲ್ಲ’ ಎಂದುಬಿಟ್ಟರೆ ಅವರಿಗೆ ‘ದುಡಿ, ಸಂಬಳ ಕೇಳಬೇಡ’ ಎಂದ ಹಾಗೆ ಕೇಳಿಸುತ್ತದೆ. ಅದಕ್ಕೇ ‘ಅಧಿಕಾರ’ವನ್ನು ‘ನಿನ್ನ ಕೈಯಲ್ಲಿರುವುದು’ ಎಂದು ಬಿಡಿಸುತ್ತೇನೆ: ಸಂದರ್ಶನಕ್ಕೆ ತಯಾರಾಗುವುದು ನಿನ್ನ ಕೈಯಲ್ಲಿದೆ, ಆಯ್ಕೆ ಮಾಡುವವರ ಮನಸ್ಸು ನಿನ್ನ ಕೈಯಲ್ಲಿಲ್ಲ. ಕೊನೆಯ ಪಾದ ‘ಮಾ ತೇ ಸಂಗೋಽಸ್ತ್ವಕರ್ಮಣಿ’ಯನ್ನು, ಅಂದರೆ ಕರ್ಮ ಮಾಡದೇ ಇರುವುದಕ್ಕೂ ಅಂಟಿಕೊಳ್ಳಬೇಡ ಎಂಬುದನ್ನು, ಅದೇ ದಿನ ಮುಗಿಸಲೇಬೇಕು. ಮುಂದಿನ ವಾರಕ್ಕೆ ಬಿಟ್ಟರೆ, ಕೈಕಟ್ಟಿ ಕೂರುವುದೇ ವೈರಾಗ್ಯ ಅಂದುಕೊಂಡು ಮನೆಗೆ ಹೋಗುತ್ತಾರೆ.

ಧರ್ಮ, ಕರ್ಮ, ಆತ್ಮ, ಮಾಯೆ, ಯೋಗ: ಈ ಐದು ಪದಗಳನ್ನು ಅನುವಾದಿಸುವುದಿಲ್ಲ, ಹಲಗೆಯ ಮೇಲೆ ಬರೆದು ಹಾಗೇ ಬಿಡುತ್ತೇನೆ. ಆತ್ಮಕ್ಕೆ ‘ಸೋಲ್’ ಎಂದರೆ, ದೇವರು ಒಬ್ಬೊಬ್ಬರಿಗೂ ಒಂದೊಂದು ಸೃಷ್ಟಿಸಿಕೊಟ್ಟದ್ದು ಎಂಬ ಕ್ರೈಸ್ತ ಅರ್ಥ ತಾನಾಗಿಯೇ ಬಂದು ಕೂರುತ್ತದೆ; ಆಮೇಲೆ ‘ನ ಜಾಯತೇ’, ಆತ್ಮ ಹುಟ್ಟುವುದೇ ಇಲ್ಲ, ಎಂದು ಹೇಳುವುದು ಕಷ್ಟ. ಪಾಪಕ್ಕೆ ‘ಸಿನ್’ ಎಂದರೆ ಆದಮನ ಕಥೆಯೂ ಜೊತೆಗೆ ಬರುತ್ತದೆ. 1893ರಲ್ಲಿ ಶಿಕಾಗೋದಲ್ಲಿ ವಿವೇಕಾನಂದರು ಈ ಗಂಟಿಗೇ ಕೈಹಾಕಿದ್ದರು. ಮನುಷ್ಯನನ್ನು ಪಾಪಿ ಎನ್ನುವುದೇ ಪಾಪ ಎಂದು ಹೇಳಿ, ಉಪನಿಷತ್ತಿನ ‘ಅಮೃತಸ್ಯ ಪುತ್ರಾಃ’ (ಅಮೃತದ ಮಕ್ಕಳು) ಎಂಬ ಮಾತನ್ನು ಸಭೆಯ ಮುಂದಿಟ್ಟರು. ಕೇಳುಗರಿಗಾಗಿ ಮಾತಿನ ಧಾಟಿ ಬದಲಾಯಿತು, ಸಿದ್ಧಾಂತ ಬದಲಾಗಲಿಲ್ಲ.

ಕೇಳುಗರಿಗೆ ಮುಜುಗರವಾದೀತೆಂದು ಶಾಂತಿಮಂತ್ರವನ್ನು ಕೈಬಿಡುವವರೂ ಇದ್ದಾರೆ. ನಾನು ಬಿಡುವುದಿಲ್ಲ, ಆದರೆ ಅರ್ಥ ಮೊದಲು, ಪಠಣ ಆಮೇಲೆ. ‘ಸಹ ನಾವವತು’ವಿನಲ್ಲಿ ‘ನೌ’ ದ್ವಿವಚನ, ‘ನಮ್ಮಿಬ್ಬರನ್ನೂ’ ಎಂದರ್ಥ. ಕಲಿಸುವವನೂ ಕಲಿಯುವವನೂ ಒಟ್ಟಿಗೆ ಬೇಡುತ್ತಿದ್ದಾರೆ, ‘ಮಾ ವಿದ್ವಿಷಾವಹೈ’ ಎಂದು ಪರಸ್ಪರ ದ್ವೇಷ ಬೇಡ ಅನ್ನುತ್ತಿದ್ದಾರೆ ಎಂದು ಗೊತ್ತಾದರೆ ಮುಜುಗರ ಅರ್ಧ ಕಡಿಮೆಯಾಗುತ್ತದೆ. ಆದರೂ ಬಾಯಿಬಿಟ್ಟು ಹೇಳಲು ಒತ್ತಾಯವಿಲ್ಲ, ಕೇಳಿಸಿಕೊಂಡರೆ ಸಾಕು.

‘ಇದು ಧರ್ಮವೇ ಅಲ್ಲ, ಬರೀ ವಿಜ್ಞಾನ’ ಎಂಬ ಸುಲಭದ ದಾರಿ ಹಿಡಿಯಬಾರದು. ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ ದಿನಕ್ಕೆರಡು ಸಲ, 20 ನಿಮಿಷದಷ್ಟು ಎಂಬ ಸರಳ ಅಳತೆಯಿಂದ ಜನರಿಗೆ ಹಿಡಿಸಿತು. ಅದನ್ನು ನ್ಯೂಜೆರ್ಸಿಯ ಸರ್ಕಾರಿ ಶಾಲೆಗಳಲ್ಲಿ ಪಾಠವಾಗಿ ತಂದಾಗ ಮಕ್ಕಳಿಗೆ ಮಂತ್ರ ಕೊಡುವ ಮುನ್ನ ಸಂಸ್ಕೃತದ ಪೂಜೆ ನಡೆಯುತ್ತಿತ್ತು. 1979ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದು ಧಾರ್ಮಿಕವೇ ಎಂದಿತು. ಹಾಗಾಗಿ ನನ್ನ ತರಗತಿಯ ಕರಪತ್ರದಲ್ಲಿ ‘ಒತ್ತಡ ನಿವಾರಣೆ’ ಎಂದು ಹಾಕುವುದಿಲ್ಲ. ‘ಭಗವದ್ಗೀತೆ, ಹಿಂದೂ ಗ್ರಂಥ’ ಎಂದೇ ಅಚ್ಚಾಗುತ್ತದೆ. ಬರುವವರು ಕಡಿಮೆಯಾಗುತ್ತಾರೆ, ನಿಜ. 2ನೇ ಅಧ್ಯಾಯದಲ್ಲಿ ಪುನರ್ಜನ್ಮದ 22ನೇ ಶ್ಲೋಕಕ್ಕೆ ಬಂದಾಗ ಎದ್ದು ಹೋಗುವವರು ಮಾತ್ರ ಇರುವುದಿಲ್ಲ.