ಮಹಾಪಧಮನಿಯ ಉಬ್ಬು, ಮೂತ್ರಪಿಂಡದ ಕ್ಯಾನ್ಸರ್: ಮೊದಲು ಯಾವುದು?

ಹೃದಯದಿಂದ ಹೊರಟು ಹೊಟ್ಟೆಗಿಳಿಯುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಉಬ್ಬನ್ನು, ಅಂದರೆ ಒಡೆಯುವ ಅಪಾಯವಿರುವ ಅನ್ಯೂರಿಸಂ ಅನ್ನು ಅಳೆಯಲೆಂದು ಮಾಡಿಸಿದ ಸಿ.ಟಿ. ಸ್ಕ್ಯಾನ್‌ನಲ್ಲಿಯೇ ಮೂತ್ರಪಿಂಡದ ಗೆಡ್ಡೆಯೂ ಕಾಣಿಸಿಕೊಂಡ ಕೆಲವು ರೋಗಿಗಳಿಗೆ, ರಕ್ತನಾಳಗಳ ಶಸ್ತ್ರಚಿಕಿತ್ಸಕನಾಗಿ ನಾನು ಚಿಕಿತ್ಸೆ ನೀಡಿದ್ದೇನೆ. ಅವರಲ್ಲಿ ಹೆಚ್ಚಿನವರು ಬಹುಕಾಲ ಧೂಮಪಾನ ಮಾಡಿದ್ದವರು. ಎರಡೂ ಕಾಯಿಲೆಗಳ ಅಪಾಯವನ್ನು ಹೆಚ್ಚಿಸುವ ಅಭ್ಯಾಸವದು.

ಉಬ್ಬಿನ ವ್ಯಾಸ ಪುರುಷರಲ್ಲಿ 5.5 ಸೆಂ.ಮೀ., ಮಹಿಳೆಯರಲ್ಲಿ 5 ಸೆಂ.ಮೀ. ಮುಟ್ಟಿರದಿದ್ದರೆ ಕ್ಯಾನ್ಸರ್‌ಗೇ ಮೊದಲ ಸರದಿ. ಉಬ್ಬು ದೊಡ್ಡದಾಗಿದ್ದು ಗೆಡ್ಡೆ 4 ಸೆಂ.ಮೀ.ಗಿಂತ ಚಿಕ್ಕದಿದ್ದರೆ, ಸಾಮಾನ್ಯವಾಗಿ ಗೆಡ್ಡೆಯೇ ಕೆಲವು ತಿಂಗಳು ಕಾಯಬಲ್ಲದು. ಎರಡೂ ದೊಡ್ಡವಾದಾಗಲೇ ನಿಜವಾದ ಕಷ್ಟ.

ಆರಂಭದ ದಿನಗಳಲ್ಲಿ ಇಂಥದೊಂದು ಪ್ರಕರಣದಲ್ಲಿ ನಾನು ಅವಸರಪಟ್ಟೆ. ತೊಡೆಸಂದಿನ ರಕ್ತನಾಳದ ಮೂಲಕ ಉಬ್ಬಿನೊಳಗೆ ಸ್ಟೆಂಟ್ ಗ್ರಾಫ್ಟ್ ಅನ್ನು, ಅಂದರೆ ಲೋಹದ ಜಾಲರಿಯಿರುವ ಬಟ್ಟೆಯ ಕೊಳವೆಯನ್ನು ಕೂರಿಸಿ, ನಾಲ್ಕನೆಯ ದಿನವೇ ಬಲ ಮೂತ್ರಪಿಂಡವನ್ನು ತೆಗೆಸಿದೆ. ಕ್ಷ-ಕಿರಣದಲ್ಲಿ ರಕ್ತನಾಳ ಕಾಣುವಂತೆ ಚುಚ್ಚುವ ಕಾಂಟ್ರಾಸ್ಟ್ ದ್ರಾವಣದಿಂದ ಬಳಲಿದ್ದ ಉಳಿದೊಂದು ಮೂತ್ರಪಿಂಡ ಹೊರೆಯನ್ನು ತಾಳದೆ, ರಕ್ತದಲ್ಲಿನ ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ಏರುವ ತ್ಯಾಜ್ಯ) 1.3ರಿಂದ 3.1ಕ್ಕೆ ಏರಿತು. ಡಯಾಲಿಸಿಸ್ ಬೇಕಾಗಲಿಲ್ಲವಾದರೂ ಆ ಮೂರು ವಾರ ನನಗೆ ನೆಮ್ಮದಿಯಿರಲಿಲ್ಲ. ಈಗ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಮರಳುವವರೆಗೆ, ಅಂದರೆ ಸಾಮಾನ್ಯವಾಗಿ ಮೂರು ನಾಲ್ಕು ವಾರ, ಕಾಯುತ್ತೇನೆ. ಸಾಧ್ಯವಿದ್ದೆಡೆ ಕಾಂಟ್ರಾಸ್ಟ್‌ಗೆ ಬದಲು ಇಂಗಾಲದ ಡೈಆಕ್ಸೈಡ್ ಬಳಸುತ್ತೇನೆ. ಉಳಿಯಲಿರುವ ಮೂತ್ರಪಿಂಡಕ್ಕೆ ಉಬ್ಬಿನಿಂದಲೇ ಹೊರಟ ಹೆಚ್ಚುವರಿ ಅಪಧಮನಿಯಿದೆಯೇ ಎಂದೂ ಸ್ಕ್ಯಾನ್‌ನಲ್ಲಿ ಹುಡುಕುತ್ತೇನೆ, ಏಕೆಂದರೆ ಗ್ರಾಫ್ಟ್ ಅದರ ಬಾಯಿಯನ್ನು ಮುಚ್ಚಿಬಿಡುತ್ತದೆ.

ಸ್ಟೆಂಟ್‌ಗೆ ಹೊಂದದ ರಚನೆಯಿದ್ದರೆ ಹೊಟ್ಟೆ ತೆರೆದು ಒಂದೇ ಸಲಕ್ಕೆ ಎರಡನ್ನೂ ಮುಗಿಸುತ್ತೇವೆ. ಮೊದಲು ಗ್ರಾಫ್ಟ್ ಹೊಲಿದು, ಅದರ ಮೇಲೆ ಅಂಗಾಂಶವನ್ನು ಮುಚ್ಚಿದ ನಂತರವೇ ಮೂತ್ರಪಿಂಡಕ್ಕೆ ಕೈಹಾಕುತ್ತೇವೆ. ಮೂತ್ರದಲ್ಲಿ ಸೋಂಕಿಲ್ಲದಿದ್ದರೆ, ಕರುಳಿನ ಶಸ್ತ್ರಚಿಕಿತ್ಸೆಯಲ್ಲಿರುವಷ್ಟು ಸೋಂಕಿನ ಭಯ ಇಲ್ಲಿಲ್ಲ. ಆದರೆ ಮಹಾಪಧಮನಿಯ ಮುಂದೆ ಅಡ್ಡಲಾಗಿ ಹಾಯುವ ಎಡ ಮೂತ್ರಪಿಂಡದ ಅಭಿಧಮನಿಯನ್ನು, ದಾರಿ ಬಿಡಿಸಿಕೊಳ್ಳಲು ಕೆಲವೊಮ್ಮೆ ಕತ್ತರಿಸುವ ರೂಢಿಯುಂಟು. ಬಲ ಮೂತ್ರಪಿಂಡವನ್ನು ತೆಗೆಯಬೇಕಾದ ರೋಗಿಯಲ್ಲಿ ನಾನು ಅದನ್ನು ಕತ್ತರಿಸುವುದಿಲ್ಲ. ಉಳಿಯಲಿರುವ ಏಕೈಕ ಮೂತ್ರಪಿಂಡದ ರಕ್ತ ಮರಳುವ ಮುಖ್ಯ ದಾರಿ ಅದು.

ಗ್ರಾಫ್ಟ್ ಕೂರಿಸುವ ಮುನ್ನ ಮೂತ್ರರೋಗ ವಿಭಾಗದವರಿಗೆ ಚೀಟಿಯೊಂದನ್ನೂ ಬರೆದಿಡುತ್ತೇನೆ: ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಪ್ರತಿಜೈವಿಕಗಳು ಬೇಡ. ಅವು ಮಹಾಪಧಮನಿ ಸೀಳುವ ಅಪಾಯವನ್ನು ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿಯೇ ಎಚ್ಚರಿಸಿದ್ದಾರೆ.