ಸ್ಟಾಪಿನಲ್ಲಿ ಕಾಣದ ಪ್ರಯಾಣಿಕರು

ಬಸ್ ಮಾರ್ಗಗಳನ್ನು ರೂಪಿಸುವುದು ನನ್ನ ಕೆಲಸ. ಯಾವ ಬಡಾವಣೆಗೆ ಹೊಸ ಬಸ್ ಬೇಕು ಅಂದ ಕೂಡಲೇ ಎಲ್ಲರೂ ಟಿಕೆಟ್ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕ ಬೇಕು, ಆದರೆ ಅದರಲ್ಲಿರುವುದು ಬಸ್ ಹತ್ತಿದವರು ಮಾತ್ರ. ಗಂಟೆಗೊಂದು ಬಸ್ ಬರುವ ಕಡೆ ಜನ ಬೇರೆ ದಾರಿ ನೋಡಿಕೊಂಡಿರುತ್ತಾರೆ. ಆಗ ಪ್ರಯಾಣಿಕರೇ ಇಲ್ಲ ಅಂತ ಆ ಒಂದು ಬಸ್ಸನ್ನೂ ನಿಲ್ಲಿಸಿಬಿಡುವುದುಂಟು. ಇದು ಅನ್ಯಾಯ ಅಂತಲೇ ನನ್ನ ಅನಿಸಿಕೆ.

ನಾನು ನಕ್ಷೆಯಿಂದ ಶುರು ಮಾಡುತ್ತೇನೆ. ಸ್ಟಾಪಿನ ಸುತ್ತ 400 ಮೀಟರ್ ವೃತ್ತ ಎಳೆದು, ಒಳಗಿನ ಮನೆಗಳಿಗೆಲ್ಲ ಬಸ್ ಹತ್ತಿರ ಎನ್ನುವುದು ರೂಢಿ. ಅದು ಸುಮಾರು 5 ನಿಮಿಷದ ನಡಿಗೆ. ಆದರೆ ನಡುವೆ ಕಾಲುವೆಯೋ ರೈಲು ಹಳಿಯೋ ಉದ್ದನೆಯ ಕಾಂಪೌಂಡೋ ಬಂದರೆ ಸುತ್ತಿಕೊಂಡು ಹೋಗಬೇಕಲ್ವಾ? ಅದಕ್ಕೇ ನಡೆಯುವ ದಾರಿಯನ್ನೇ ಅಳೆಯುತ್ತೇನೆ. ಜನ ಜಾಸ್ತಿ, ಸ್ವಂತ ವಾಹನ ಕಡಿಮೆ, ಸ್ಟಾಪ್ ದೂರ ಇರುವ ಜಾಗಗಳಿಗೆ ಗುರುತು ಹಾಕುತ್ತೇನೆ.

ಆಮೇಲೆ ಅಲ್ಲಿಗೆ ಹೋಗಿ ನಿಲ್ಲುವುದು. ಬೆಳಕು ಹರಿಯುವ ಮುಂಚೆ, ಮಧ್ಯಾಹ್ನ, ರಾತ್ರಿ ಪಾಳಿ ಮುಗಿಯುವ ಹೊತ್ತು. ಸೀಟಿಗಿಷ್ಟು ಅಂತ ಜನರನ್ನು ತುಂಬಿಕೊಳ್ಳುವ ವ್ಯಾನುಗಳಿದ್ದರೆ ಅವು ಎಲ್ಲಿ ತುಂಬುತ್ತವೆ, ಎಲ್ಲಿ ಖಾಲಿಯಾಗುತ್ತವೆ ಅಂತ ಬರೆದುಕೊಳ್ಳುತ್ತೇನೆ. ಗಿಟ್ಟದ ದಾರಿಯಲ್ಲಿ ಅವು ಸುಮ್ನೆ ಓಡುವುದಿಲ್ಲ.

"ಬಸ್ ಬಿಟ್ಟರೆ ಹತ್ತುತ್ತೀರಾ?" ಅಂತ ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಹೂಂ ಅಂತಾರೆ. "ನಿನ್ನೆ ಎಲ್ಲೆಲ್ಲಿಗೆ ಹೋದಿರಿ, ಹೇಗೆ ಹೋದಿರಿ, ಎಷ್ಟು ಖರ್ಚಾಯಿತು?" ಅಂತ ಕೇಳುತ್ತೇನೆ. ಕೊನೆಗೆ, "ಹೋಗಬೇಕಿದ್ದು ಹೋಗದೆ ಬಿಟ್ಟಿದ್ದು ಯಾವುದು?" ನನಗೆ ಎಲ್ಲಕ್ಕಿಂತ ಮುಖ್ಯ ಈ ಪ್ರಶ್ನೆ. ಮುಂದೂಡಿದ ಆಸ್ಪತ್ರೆ ಭೇಟಿ, ದೂರವೆಂದು ಬಿಟ್ಟ ಕೆಲಸ, ಸಂಜೆಯ ತರಗತಿ ಎಲ್ಲ ಆಗ ಹೊರಬರುತ್ತವೆ. ಹೆಂಗಸರನ್ನು ಬೇರೆಯಾಗಿ ಮಾತಾಡಿಸಲೇಬೇಕು. ಮಗುವಿನ ಶಾಲೆ, ಅಂಗಡಿ, ಕೆಲಸ, ಮತ್ತೆ ಮನೆ ಅಂತ ಅವರ ಓಡಾಟ ತುಂಡು ತುಂಡು. ಬೆಳಿಗ್ಗೆ ನಗರದ ನಡುಭಾಗಕ್ಕೆ ಹೋಗಿ ಸಂಜೆ ವಾಪಸ್ ಬರುವ ಮಾರ್ಗ ಅದಕ್ಕೆ ಹೊಂದುವುದಿಲ್ಲ.

ಪ್ರಯೋಗಕ್ಕೆ ಬಸ್ ಬಿಡುವಾಗ ನಾನು ಪಟ್ಟು ಹಿಡಿಯುವುದು ಅಂತರದ ವಿಷಯಕ್ಕೆ. ಅರ್ಧ ಗಂಟೆಗೊಂದು ಬಸ್ ಇದ್ದರೆ, ವೇಳೆ ನೋಡದೆ ಬಂದವರು ಸರಾಸರಿ 15 ನಿಮಿಷ ಕಾಯಬೇಕು. 10 ನಿಮಿಷಕ್ಕೊಂದು ಇದ್ದರೆ 5 ನಿಮಿಷ ಸಾಕು. ಕೆಲವು ತಿಂಗಳಾದರೂ ಓಡಿಸಬೇಕು, ರೂಢಿ ಬೇಗ ಬದಲಾಗುವುದಿಲ್ಲ. ಹತ್ತಿದವರನ್ನು ಮೊದಲು ಹೇಗೆ ಹೋಗುತ್ತಿದ್ದಿರಿ ಅಂತ ವಿಚಾರಿಸುತ್ತೇನೆ. ಪಕ್ಕದ ಮಾರ್ಗ ಬಿಟ್ಟು ಬಂದವರನ್ನು ಹೊಸ ಪ್ರಯಾಣಿಕರ ಲೆಕ್ಕಕ್ಕೆ ಸೇರಿಸುವುದಿಲ್ಲ.