ಸಾಲಿನ ಕೊನೆಯ ಸೈಕಲ್ ನನ್ನದು

ನಮ್ಮ ಗುಂಪಿನಲ್ಲಿ ನಾನು ಯಾವಾಗಲೂ ಕೊನೆಯವನು. ಕಾಲಲ್ಲಿ ಕಸುವಿಲ್ಲ ಅಂತಲ್ಲ, ನಾನು ಒಪ್ಪಿಕೊಂಡಿರುವ ಕೆಲಸವೇ ಅದು. ಹತ್ತು ಹನ್ನೆರಡು ಜನ ಒಟ್ಟಿಗೆ ಹೊರಟರೆ ಮುಂದೆ ದಾರಿ ಗೊತ್ತಿರುವವರು ಇರಬೇಕು, ಹಿಂದೆ ಪಂಕ್ಚರ್ ಹಾಕಲು ಬರುವವರು ಇರಬೇಕು. ಪಂಪು, ಎರಡು ಟ್ಯೂಬು, ಚೈನ್ ಬಿಚ್ಚುವ ಟೂಲು, ಒಂದಷ್ಟು ಓಆರ್‌ಎಸ್ ಪುಡಿ ನನ್ನ ಬ್ಯಾಗಿನಲ್ಲಿರುತ್ತವೆ. ನನಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ.

ನಮಗೆ ಇಷ್ಟದ ದಾರಿ ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಮೇಲುಕೋಟೆ. ಅಲ್ಲಿಂದ ಮಂಡ್ಯಕ್ಕೆ ಇಳಿದು ವಾಪಸ್ ಮೈಸೂರು. ಒಟ್ಟು ಸುಮಾರು 130 ಕಿಲೋಮೀಟರ್. ಡಿಸೆಂಬರ್ ಕೊನೆ, ಜನವರಿಯಲ್ಲಿ ಹೋಗುತ್ತೇವೆ. ಬಿಸಿಲು ಸುಡುವುದಿಲ್ಲ. ಆದರೆ ಅದು ಕುಯ್ಲಿನ ಕಾಲ. ಆ ದಿನ ಎಷ್ಟು ಜೋರಾಗಿ ಹೋಗಬೇಕು ಅನ್ನೋದನ್ನ ನಮ್ಮ ಕಾಲು ತೀರ್ಮಾನ ಮಾಡುವುದಿಲ್ಲ, ರಸ್ತೆಯ ಮೇಲೆ ಏನು ಹರಡಿದೆ ಅನ್ನೋದು ತೀರ್ಮಾನ ಮಾಡುತ್ತದೆ.

ಬೆಳಿಗ್ಗೆ ಕತ್ತಲಿರುವಾಗಲೇ ಹೊರಡುತ್ತೇವೆ. ಹೆಲ್ಮೆಟ್, ಹಿಂದೆ ಕೆಂಪು ಲೈಟು ಇಲ್ಲದವರನ್ನು ಕರೆದುಕೊಂಡು ಹೋಗುವುದಿಲ್ಲ, ಎಷ್ಟೇ ಬೇಕಾದವರಾಗಿರಲಿ. ಶ್ರೀರಂಗಪಟ್ಟಣದವರೆಗೆ ಹೇಳುವಂಥದ್ದೇನಿಲ್ಲ.

ಪಾಂಡವಪುರದ ಕಡೆ ತಿರುಗಿದ ಮೇಲೆ ಎರಡೂ ಕಡೆ ಕಬ್ಬು. ಕೆಆರ್‌ಎಸ್ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು ಮಾಡಿರುವ ಹಸಿರು ಅದು. ನಾಲೆ ಏರಿಯ ರಸ್ತೆ ಸಿಕ್ಕಿದರೆ ಮಾತು ನಿಲ್ಲಿಸಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ಸತ್ತರು. ಆ ಕಡೆ ಸೈಕಲ್ ತುಳಿಯುವ ಯಾರಿಗೂ ಅದು ಮರೆಯುವುದಿಲ್ಲ.

ಕಬ್ಬು ತುಂಬಿದ ಟ್ರಾಕ್ಟರ್‌ಗಳದ್ದು ಇನ್ನೊಂದು ಕಥೆ. ಒಂದೊಂದಕ್ಕೆ ಎರಡು ಟ್ರೇಲರ್, ಕಬ್ಬು ಪಕ್ಕಕ್ಕೂ ಚಾಚಿಕೊಂಡಿರುತ್ತದೆ. ಡ್ರೈವರ್ ಹಾಡು ಹಾಕಿಕೊಂಡಿರುತ್ತಾನೆ, ನಿಮ್ಮ ಬೆಲ್ಲು ಅವನಿಗೆ ಕೇಳಲ್ಲ. ಎಡಗಡೆಯಿಂದ ನುಗ್ಗುವ ಮಾತೇ ಇಲ್ಲ. ಅವನು ಕೈ ಬೀಸಿ ದಾರಿ ಬಿಟ್ಟ ಮೇಲೆ ಬಲಗಡೆಯಿಂದ, ಅದೂ ಇಡೀ ಗುಂಪಿಗೆ ಜಾಗವಿದ್ದರೆ. ಅರ್ಧ ಗುಂಪು ದಾಟಿ ಅರ್ಧ ಹಿಂದೆ ಉಳಿದರೆ ಉಳಿದವರು ಗಾಬರಿಯಲ್ಲಿ ತುಳಿಯುತ್ತಾರೆ. ಅದು ನನಗೆ ಆಗದ ವಿಷಯ.

ಇನ್ನು ಒಕ್ಕಣೆ. ಕಣ ಮಾಡಿಕೊಳ್ಳಲು ಪುರಸೊತ್ತಿಲ್ಲದವರು ರಾಗಿ, ಹುರುಳಿಯನ್ನು ಡಾಂಬರಿನ ಮೇಲೇ ಹರಡುತ್ತಾರೆ. ಬಸ್ಸು, ಲಾರಿ ಓಡಾಡಿ ಕಾಳು ಉದುರಿಸಿಕೊಡುತ್ತವೆ. ರೈತರನ್ನು ಬೈಯುವ ಸವಾರರು ನಮ್ಮಲ್ಲೂ ಇದ್ದಾರೆ. ಅಪಾಯ ಹೌದು, ನಾನು ಇಲ್ಲ ಅನ್ನಲ್ಲ. ಆದರೆ ಅದು ಅವರ ವರ್ಷದ ದುಡಿಮೆ, ನಮ್ಮದು ಭಾನುವಾರದ ಶೋಕಿ. ಹುಲ್ಲು ಕಂಡ ತಕ್ಷಣ ಮುಂದಿನವರು 'ಒಕ್ಕಣೆ' ಅಂತ ಕೂಗಬೇಕು. ಆ ಕೂಗು ಸಾಲಿನುದ್ದಕ್ಕೂ ನನ್ನವರೆಗೆ ಬರಬೇಕು. ವೇಗ ಮೊದಲೇ ಇಳಿಸಿಕೊಳ್ಳಿ. ಹುಲ್ಲಿನ ಮೇಲೆ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಅಂಚಿಗೆ ಇಟ್ಟಿರುವ ಕಲ್ಲುಗಳು ಹುಲ್ಲಿನಡಿ ಕಾಣುವುದಿಲ್ಲ. ರಾಗಿ ಹುಲ್ಲು ಜಾರುತ್ತದೆ ಅಷ್ಟೆ. ಹುರುಳಿ ಬಳ್ಳಿ ಹಾಗಲ್ಲ, ಹಿಂದಿನ ಗೇರಿಗೆ ಸುತ್ತಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ. ಹಾಗಾಗಿ ಹುರುಳಿ ಕಂಡರೆ ನಾವು ಇಳಿದು ಸೈಕಲ್ ಎತ್ತಿಕೊಂಡೇ ದಾಟುತ್ತೇವೆ. ಒಮ್ಮೆ ಹಾಗೆ ದಾಟುವಾಗ ಅಲ್ಲಿದ್ದ ಅಜ್ಜಿ ನಕ್ಕರು. "ತುಳ್ಕೊಂಡೇ ಹೋಗ್ರಪ್ಪ, ನಿಮ್ ಸೈಕಲ್‌ಗೆ ಒಂದ್ ಕಾಳೂ ಉದ್ರಾಕಿಲ್ಲ. ಹಿಂದ್ಗಡೆ ಬಸ್ ಬತ್ತೈತಾ ನೋಡಿ ಹೇಳಿ."

ದಾರಿಯಲ್ಲಿ ಆಲೆಮನೆ ಸಿಕ್ಕಿದರೆ ನಿಲ್ಲದೆ ಇರಲು ಆಗಲ್ಲ. ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬೆಲ್ಲ ಬಾಯಿಗೆ ಬಿದ್ದರೆ ಸವಾರರು ಶಕ್ತಿಗೆ ಅಂತ ತಿನ್ನುವ ಪ್ಯಾಕೆಟ್ಟಿನ ಜೆಲ್ ಯಾರಿಗೆ ಬೇಕು? ಕಬ್ಬಿನ ಹಾಲು ಮಾತ್ರ ಒಂದು ಲೋಟಕ್ಕೆ ಸಾಕು. ಮುಂದೆ ಜಕ್ಕನಹಳ್ಳಿ, ಅಲ್ಲಿಂದ ಬೆಟ್ಟ.

ಮೇಲುಕೋಟೆಯ ಏರಿನಲ್ಲಿ ಗುಂಪು ಒಡೆದೇ ಒಡೆಯುತ್ತದೆ. ಬಿಟ್ಟುಬಿಡಿ. ಅವರವರ ಉಸಿರಿಗೆ ತಕ್ಕಂತೆ ಹತ್ತಲಿ, ಮೇಲೆ ಕಾಯೋಣ. ಕೊನೆಯವರ ಜೊತೆ ಇರುವ ನಾನು ಮೂರು ನಾಲ್ಕು ಸೈಕಲ್‌ನಷ್ಟು ಹಿಂದೆ ಇರುತ್ತೇನೆ. ಪಕ್ಕಕ್ಕೆ ಹೋದರೆ ಅವರು ಮಾತಾಡಬೇಕಾಗುತ್ತದೆ, ಇರುವ ಉಸಿರೂ ಹೋಗುತ್ತದೆ. 'ಇನ್ನೇನು ಬಂತು' ಅಂತ ಸುಮ್ನೆ ಸುಳ್ಳು ಹೇಳುವುದೂ ಬೇಡ. ಮುಂದಿನ ತಿರುವಿನಲ್ಲಿ ಇನ್ನೊಂದು ಏರು ಕಂಡರೆ ಕಾಲಿಗಿಂತ ಮೊದಲು ಮನಸ್ಸು ಕೂರುತ್ತದೆ. ಇಳಿದು ತಳ್ಳಿದರೂ ಪರವಾಗಿಲ್ಲ. ತಳ್ಳುವವರ ಜೊತೆ ನಾನೂ ಇಳಿಯುತ್ತೇನೆ. ಮೇಲೆ ಪುಳಿಯೋಗರೆ, ಸಕ್ಕರೆ ಪೊಂಗಲ್. ಪೊಂಗಲ್ ಜಾಸ್ತಿ ತಿಂದವರು ಮುಂದಿನ ಒಂದು ಗಂಟೆ ನನ್ನ ಜೊತೆಗೇ ಇರುತ್ತಾರೆ.

ಮಂಡ್ಯದ ಕಡೆ ಇಳಿಯುವಾಗ ಸುಲಭ ಅನ್ನಿಸಬೇಕು, ಆದರೆ ಚಳಿಗಾಲದ ಮೂಡಣ ಗಾಳಿ ಎದುರಿಗೆ ಸಿಗುತ್ತದೆ. ಗುಂಪು ಕೆಲಸಕ್ಕೆ ಬರುವುದು ಇಲ್ಲೇ. ಮುಂದಿನವರ ಮರೆಯಲ್ಲಿ ಹೋದರೆ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಗಟ್ಟಿ ಇರುವವರು ಐದೈದು ನಿಮಿಷ ಮುಂದೆ ನಿಂತು ಗಾಳಿ ತಿನ್ನಬೇಕು, ಆಮೇಲೆ ಪಕ್ಕಕ್ಕೆ ಸರಿದು ಹಿಂದೆ ಬರಬೇಕು. ರೇಸಿನವರಂತೆ ಚಕ್ರಕ್ಕೆ ಚಕ್ರ ತಾಗಿಸಿಕೊಂಡು ಹೋಗುವುದು ಹಳ್ಳಿ ರಸ್ತೆಗೆ ಆಗದು. ಕೋಳಿ, ಆಡು, ನಾಯಿ ಯಾವಾಗ ಅಡ್ಡ ಬರುತ್ತವೋ ಗೊತ್ತಿಲ್ಲ. ಒಂದು ಸೈಕಲ್ ಉದ್ದ ಬಿಟ್ಟರೂ ಗಾಳಿಯ ಮರೆ ಸಿಗುತ್ತದೆ.

ಮಂಡ್ಯದಲ್ಲಿ ಟೀ ಕುಡಿಯುವಾಗ ಎಲ್ಲರ ಮುಖ ನೋಡುತ್ತೇನೆ. ಇನ್ನೂ ಸುಮಾರು 45 ಕಿಲೋಮೀಟರ್ ಇದೆ. ಮಾತು ನಿಲ್ಲಿಸಿ ಸುಮ್ಮನಾದವರು, ತಿಂಡಿ ಬೇಡ ಅನ್ನುವವರು ಮುಂದೆ ತುಳಿಯುವುದು ಬೇಡ. ಅಂಥವರಿಗೆ ಲಗೇಜ್ ಆಟೊ ಮಾಡಿಸಿ ಸೈಕಲ್ ಸಮೇತ ಕಳಿಸುತ್ತೇನೆ, ಜೊತೆಗೆ ಒಬ್ಬರನ್ನು ಕೂರಿಸಿ. ಉಳಿದವರಿಗೆ ಬೆನ್ನ ಹಿಂದಿನ ಗಾಳಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಆಟೊ, ಸೈಕಲ್ ಯಾವುದೂ ಹತ್ತುವಂತಿಲ್ಲ, 2023ರ ಆಗಸ್ಟ್ 1ರಿಂದ ನಿಷೇಧ. ನಮಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎದುರಿನಿಂದ ಬರುವ ಬೈಕುಗಳು ಜಾಸ್ತಿ, ಹಾಗಾಗಿ ಹೊತ್ತು ಮುಳುಗುವ ಮೊದಲೇ ಮುಂದಿನ ಲೈಟು ಹಾಕಿಸುತ್ತೇನೆ.